ನಿಮ್ಮ ತಂಗಿಯಾಗಿದ್ದರೆ

ಹಲಸೂರು ಕೆರೆಯಿಂದ ಕೂಗಳತೆಯಲ್ಲಿರುವ ಆ ಧರ್ಮಾರ್ಥ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು ಕೂರುವುದು ಒಂಬತ್ತನೇ ನಂಬರಿನ ಕೋಣೆಯಲ್ಲಿ. ಆದರೆ ಆಪರೇಷನ್ನೋ ಪ್ಲಾಸ್ಟರೋ ಎಂಬುದು ತೀರ್ಮಾನವಾಗುತ್ತಿದ್ದದ್ದು ಹನ್ನೊಂದರಲ್ಲಿ. ಹನ್ನೊಂದು ಎಂದರೆ ಪ್ಲಾಸ್ಟರ್ ಕೋಣೆ. ಇದನ್ನು ಯಾವ ಬೋರ್ಡಿನ ಮೇಲೂ ಬರೆದಿರಲಿಲ್ಲ. ಡಾಕ್ಟರುಗಳಿಗೆ ಗೊತ್ತಿರಲಿಲ್ಲ, ಮಿಕ್ಕವರಿಗೆಲ್ಲ ಗೊತ್ತಿತ್ತು. ಆಸ್ಪತ್ರೆಯ ಹೆಸರು ಇಲ್ಲಿ ಬೇಡ, ಇದು ಆಸ್ಪತ್ರೆಯ ಕತೆಯಲ್ಲ.

ಜನ ಒಂಬತ್ತರಲ್ಲಿ ತಲೆಯಾಡಿಸುತ್ತಿದ್ದರು. ಡಾಕ್ಟರು ಹೇಳಿದ್ದಕ್ಕೆಲ್ಲ ಹೂಂ, ಆಯ್ತು ಸಾರ್, ನೀವು ಹೇಳಿದ ಹಾಗೆ. ಆಮೇಲೆ ಕಾಗದ ಹಿಡಿದುಕೊಂಡು ಹೊರಗೆ ಬಂದು, ಹನ್ನೊಂದರ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ಒಂಬತ್ತಕ್ಕೆ ಚಪ್ಪಲಿ ಹಾಕಿಕೊಂಡೇ ಹೋದವರು ಇಲ್ಲಿ ಯಾಕೆ ಬಿಡುತ್ತಿದ್ದರೋ, ಬಿಡಿ ಎಂದು ಯಾರೂ ಹೇಳಿರಲಿಲ್ಲ. ಒಳಗೆ ಬಕೆಟ್ಟಿನ ಮುಂದೆ ಸ್ಟೂಲಿನ ಮೇಲೆ ಕೂತ ಸಣಕಲು ಮನುಷ್ಯನನ್ನು ಮೆಲ್ಲಗೆ ಕೇಳುತ್ತಿದ್ದರು: "ಅಣ್ಣಾ, ಡಾಕ್ಟ್ರು ಹಿಂಗಂದ್ರು. ನಿಮ್ಮ ತಂಗಿಗೇ ಹಿಂಗಾಗಿದ್ರೆ ನೀವೇನ್ ಮಾಡ್ತಿದ್ರಿ?"

ಆ ಮನುಷ್ಯನೇ ವೆಂಕಟಸ್ವಾಮಿ. ಹುಟ್ಟಿದ್ದು ಹಲಸೂರಿನ ಹಳೆಯ ಬೀದಿಯಲ್ಲಿ. ಹತ್ತೊಂಬತ್ತನೇ ವಯಸ್ಸಿಗೆ ಇದೇ ಆಸ್ಪತ್ರೆಗೆ ನೆಲ ಒರೆಸಲು ಸೇರಿದವನು. ಆಗ ಪ್ಲಾಸ್ಟರ್ ಹಾಕುತ್ತಿದ್ದ ಮುನಿರಾಜ್ ಎಂಬ ಹಿರಿಯ ಈ ಹುಡುಗನ ಕೈ ಚೆನ್ನಾಗಿದೆ ಎಂದು ಕಸಪೊರಕೆ ಬಿಡಿಸಿ ಬಕೆಟ್ಟಿನ ಮುಂದೆ ಕೂರಿಸಿದ. ಪ್ಲಾಸ್ಟರ್ ಬಟ್ಟೆಯ ಸುರುಳಿಯನ್ನು ನೀರಲ್ಲಿ ಮುಳುಗಿಸಿ, ಗುಳ್ಳೆ ಏಳುವುದು ನಿಂತ ಮೇಲೆಯೇ ಎತ್ತಿ, ಎರಡು ತುದಿ ಹಿಡಿದು ಹಿಂಡಿ, ಸುಕ್ಕಿಲ್ಲದಂತೆ ಸುತ್ತುವುದನ್ನು ಕಲಿಸಿದ. ಅದರ ಜೊತೆಗೆ ಇನ್ನೊಂದು ಮಾತನ್ನೂ ಹೇಳಿಕೊಟ್ಟಿದ್ದ: "ಕಟ್ಟೋಕೆ ಮುಂಚೆ ಅಂಗೈ ನೋಡು. ಇದು ಯಾವ ಕೆಲಸಕ್ಕೆ ವಾಪಸ್ ಹೋಗೋ ಕೈ ಅಂತ ತಿಳ್ಕೊಂಡು ಕಟ್ಟು." ಮುನಿರಾಜ್ ತೀರಿಹೋಗಿ ಇಪ್ಪತ್ತು ವರ್ಷವಾಯಿತು. ಕಟ್ಟುವುದು ವೆಂಕಟಸ್ವಾಮಿಯ ಕೈಯಲ್ಲಿ ಉಳಿಯಿತು. ನೋಡುವುದು ಯಾವಾಗ ಬಿಟ್ಟುಹೋಯಿತೋ ಅವನಿಗೂ ಗೊತ್ತಾಗಲಿಲ್ಲ.

ಅವನು ಹೇಳಿದ್ದು ಬಹಳ ಸಲ ಸರಿಯಾಗಿಯೇ ಇರುತ್ತಿತ್ತು, ಅದನ್ನೂ ಹೇಳಿಬಿಡಬೇಕು. ಶಿವಾಜಿನಗರದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಜಿಯಾವುಲ್ಲಾ ಸಾಹೇಬರು ಮೊಣಕಾಲ ಕೆಳಗೆ ಮೂಳೆ ಮುರಿದುಕೊಂಡು ಬಂದಾಗ, ಬೇಡ ಬೇಡ ಎಂದು ಅಳುತ್ತಿದ್ದವರನ್ನು ಬೈದು ಆಪರೇಷನ್‌ಗೆ ಒಪ್ಪಿಸಿದವನು ಇವನೇ. ಪ್ರತಿ ರಂಜಾನ್‌ಗೂ ಅವರು ತಾವೇ ಮೆಟ್ಟಿಲು ಹತ್ತಿ ಬಂದು, "ಸ್ವಾಮಿ ಭಾಯ್, ನೀವು ಬೈದಿಲ್ಲ ಅಂದ್ರೆ ನಾನು ಇವತ್ತು ಕೋಲು ಹಿಡ್ಕೊಂಡಿರ್ತಿದ್ದೆ" ಎಂದು ಶೀರ್‌ಕುರ್ಮಾ ಪಾಯಸದ ಡಬ್ಬಿ ಇಟ್ಟು ಹೋಗುತ್ತಿದ್ದರು. ಇಂಥದ್ದನ್ನು ಕೇಳುತ್ತಾ ಮೂವತ್ತು ವರ್ಷ ಕಳೆದರೆ ಯಾರ ತಲೆಯಾದರೂ ಸ್ವಲ್ಪ ತಿರುಗುತ್ತದೆ. ವೆಂಕಟಸ್ವಾಮಿಯದೂ ತಿರುಗಿತ್ತು.

ಇದರ ನಡುವೆ ಕಾಲ ಬದಲಾಯಿತು. ಮುರಿದ ಮೂಳೆಗೆಲ್ಲ ಪ್ಲೇಟು, ರಾಡು, ಸ್ಕ್ರೂ ಬಂದವು. ಮೊದಲು ದಿನಕ್ಕೆ ಇಪ್ಪತ್ತು ಕಟ್ಟು ಬೀಳುತ್ತಿದ್ದ ಹನ್ನೊಂದರಲ್ಲಿ ಈಗ ನಾಲ್ಕು ಬಿದ್ದರೆ ಹೆಚ್ಚು. ಬಕೆಟ್ಟಿನ ನೀರು ಬೆಳಿಗ್ಗೆ ತುಂಬಿಸಿದ್ದು ಸಂಜೆಗೂ ತಿಳಿಯಾಗಿಯೇ ಇರುತ್ತಿತ್ತು. ಅದನ್ನು ಚೆಲ್ಲುವಾಗ ಅವನಿಗೆ ಹೊಟ್ಟೆಯುರಿಯುತ್ತಿತ್ತು.

ಆಗಲೇ ಒಂಬತ್ತನೇ ಕೋಣೆಗೆ ಡಾಕ್ಟರ್ ಯಮುನಾ ಬಂದದ್ದು. ಮೂವತ್ತೈದರ ಆಸುಪಾಸು, ಜೋರು ನಡಿಗೆ. ಆಕೆಗೊಂದು ಅಭ್ಯಾಸ. ಎಕ್ಸ್‌ರೇ ನೋಡಿ ಇಂಥದ್ದೇ ಮಾಡುತ್ತೇನೆ ಎಂದು ಹೇಳುತ್ತಿರಲಿಲ್ಲ. ಬಿಳಿ ಹಾಳೆಯ ಮೇಲೆ ಮೂಳೆಯ ಚಿತ್ರ ಬರೆದು, ಎಡಕ್ಕೊಂದು ದಾರಿ, ಬಲಕ್ಕೊಂದು ದಾರಿ, ಇದರಲ್ಲಿ ಈ ಒಳ್ಳೆಯದು ಈ ಕೆಟ್ಟದ್ದು ಎಂದು ವಿವರಿಸಿ, "ಮೂಳೆ ನನಗೆ ಗೊತ್ತು, ನಿಮ್ಮ ಜೀವನ ನಿಮಗೆ ಗೊತ್ತು. ಇಬ್ಬರೂ ಸೇರಿ ತೀರ್ಮಾನ ಮಾಡೋಣ" ಎನ್ನುತ್ತಿದ್ದಳು. ಒಳ್ಳೆಯ ಮಾತೇ. ಆದರೆ ಜನ ಗಾಬರಿ ಬಿದ್ದರು. ಡಾಕ್ಟರೇ ನಮ್ಮನ್ನು ಕೇಳುತ್ತಿದ್ದಾಳಲ್ಲ, ಇವಳಿಗೆ ಗೊತ್ತಿಲ್ಲವೋ ಏನೋ! ಚಿತ್ರದ ಹಾಳೆಯನ್ನು ನಾಲ್ಕಾಗಿ ಮಡಚಿಕೊಂಡು ನೇರ ಹನ್ನೊಂದಕ್ಕೆ ಬರತೊಡಗಿದರು. ಯಮುನಾ ಬಂದ ಮೇಲೆ ವೆಂಕಟಸ್ವಾಮಿಯ ಗಿರಾಕಿಗಳು ಕಡಿಮೆಯಾಗಲಿಲ್ಲ, ಹೆಚ್ಚಾದರು. ಅವನು ಒಳಗೊಳಗೇ ಹಿಗ್ಗಿದ.

ಸುಭದ್ರಮ್ಮ ಬಂದದ್ದು ಒಂದು ಬುಧವಾರ ಬೆಳಿಗ್ಗೆ. ಐವತ್ತೊಂದು ವರ್ಷ, ಯಾದಗಿರಿ ಕಡೆಯವಳು. ಗಂಡ ಅಮೃತಪ್ಪ ಮಾರತ್ತಹಳ್ಳಿಯಲ್ಲಿ ಏಳುತ್ತಿರುವ ಕಟ್ಟಡವೊಂದರಲ್ಲಿ ಸೆಂಟ್ರಿಂಗ್ ಕೆಲಸದವನು. ಇಬ್ಬರೂ ಕೆ.ಆರ್. ಪುರದ ಒಂದು ವಠಾರದ ಬಾಡಿಗೆ ಕೋಣೆಯಲ್ಲಿದ್ದರು. ಒದ್ದೆ ಮೆಟ್ಟಿಲ ಮೇಲೆ ಜಾರಿ, ಬಲಗೈ ಊರಿ ಬಿದ್ದಿದ್ದಳು. ಮಣಿಕಟ್ಟಿನ ಮೂಳೆ ಮುರಿದು ಹಿಂದಕ್ಕೆ ವಾಲಿತ್ತು. ಆಸ್ಪತ್ರೆಯ ಕಾರ್ಡು ಮಾಡಿಸಿದ್ದರಿಂದ ಹಣದ ಮಾತು ಅಡ್ಡ ಬರಲಿಲ್ಲ.

ಯಮುನಾ ಎಂದಿನಂತೆ ಚಿತ್ರ ಬರೆದಳು. ಪ್ಲಾಸ್ಟರ್ ಹಾಕಿದರೆ ಕೂಡಿಕೊಳ್ಳುತ್ತದೆ, ಆದರೆ ಒಳಗೆ ಪುಡಿಯಾಗಿರುವುದರಿಂದ ಸೊಟ್ಟಗೆ ಕೂರಬಹುದು. ಪ್ಲೇಟ್ ಹಾಕಿದರೆ ನೇರ ಕೂರುತ್ತದೆ, ಆದರೆ ಕೊಯ್ಯಬೇಕು, ಆಪರೇಷನ್ನಿಗೆ ಅದರದೇ ಅಪಾಯಗಳಿವೆ. "ಕೈಯಲ್ಲಿ ನಿಮಗೆ ಏನೇನು ಮಾಡೋಕೆ ಆಗಬೇಕು ಅನ್ನೋದರ ಮೇಲೆ ಇದೆ ಅಮ್ಮ. ಏನ್ ಕೆಲಸ ಮಾಡ್ತೀರಾ?"

ಉತ್ತರ ಕೊಟ್ಟವನು ಅಮೃತಪ್ಪ. "ಏನಿಲ್ರಿ ಮೇಡಂ, ಮನ್ಯಾಗ ಇರ್ತಾಳ್ರಿ."

ಸುಭದ್ರಮ್ಮನೂ ಹೌದೆಂದು ತಲೆಯಾಡಿಸಿದಳು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಗಂಡಸು ಬುತ್ತಿ ಕಟ್ಟಿಕೊಂಡು ಬೆಳಿಗ್ಗೆ ಹೋಗಿ ಸಂಜೆ ಬರುವುದು ಅವರ ಪ್ರಕಾರ ಕೆಲಸ. ಹೊಸ್ತಿಲ ಒಳಗೆ ಹೆಂಗಸು ಮಾಡುವುದನ್ನು ಕೆಲಸ ಎಂದು ಡಾಕ್ಟರ ಮುಂದೆ ಹೇಳಲು ಅವಳಿಗೇ ನಾಚಿಕೆ. ಯಮುನಾ ಹಾಳೆಯ ಮೇಲೆ 'ಗೃಹಿಣಿ' ಎಂದು ಬರೆದು, ಹೊರಗೆ ಕೂತು ಯೋಚಿಸಿ ಬನ್ನಿ ಎಂದಳು.

ಅವರು ಯೋಚಿಸಲು ಬಂದದ್ದು ಎಲ್ಲಿಗೆಂದು ಬೇರೆ ಹೇಳಬೇಕಿಲ್ಲ. ಆ ದಿನ ಹನ್ನೆರಡು ಗಂಟೆಯಾದರೂ ಹನ್ನೊಂದರಲ್ಲಿ ಒಂದು ಕಟ್ಟೂ ಬಿದ್ದಿರಲಿಲ್ಲ.

"ಅಣ್ಣಾರ," ಎಂದಳು ಸುಭದ್ರಮ್ಮ, ಊದಿಕೊಂಡ ಕೈಯನ್ನು ಇನ್ನೊಂದು ಕೈಯಲ್ಲಿ ಎತ್ತಿ ಹಿಡಿದು. "ನಿಮ್ಮ ತಂಗಿ ಆಗಿದ್ದರ ಏನ್ ಹೇಳ್ತಿದ್ರಿ?"

ವೆಂಕಟಸ್ವಾಮಿ ಆ ಕೈಯನ್ನು ನೋಡಿದ. ಬೆರಳ ತುದಿಗಳಲ್ಲಿ ಸುಟ್ಟ ಕಲೆಗಳಿದ್ದವು. ಅಂಗೈ ತುದಿ ಕಲ್ಲಿನಷ್ಟು ಗಟ್ಟಿಯಾಗಿತ್ತು. ಅಡುಗೆಮನೆಯ ಕೈ, ಎಂದುಕೊಂಡು ಮುಂದೆ ಹೋದ. ಮುನಿರಾಜ್ ಬದುಕಿದ್ದರೆ ಅಲ್ಲೇ ತಲೆಗೆ ಮೊಟಕುತ್ತಿದ್ದ.

"ನನ್ನ ತಂಗಿಯಾಗಿದ್ರೆ ಕಬ್ಬಿಣ ಹಾಕ್ಸ್ತಿರ್ಲಿಲ್ಲ ತಾಯಿ," ಎಂದ. "ಮನೇಲಿರೋರಿಗೆ ಪ್ಲಾಸ್ಟರ್ ಸಾಕು. ಒಂಚೂರು ಸೊಟ್ಟ ಆದ್ರೆ ಏನು, ನೀವೇನ್ ಕೈ ಬೀಸ್ಕೊಂಡು ಪರೇಡ್ ಮಾಡ್ಬೇಕಾ? ಈ ಕೈಯಲ್ಲಿ ಎಷ್ಟು ಕಟ್ಟಿದೀನಿ ಗೊತ್ತಾ?"

ಅವಳು ನಕ್ಕುಬಿಟ್ಟಳು. ನೋವಿನಲ್ಲೂ ನಗಿಸಿದನಲ್ಲ ಎಂದು ಅಮೃತಪ್ಪನೂ ನಕ್ಕ. ಇಬ್ಬರೂ ಒಂಬತ್ತಕ್ಕೆ ವಾಪಸು ಹೋಗಿ, ನಾವೇ ವಿಚಾರ ಮಾಡೀವ್ರಿ, ಪ್ಲಾಸ್ಟರೇ ಇರಲಿ ಎಂದರು. ಇದು ನಿಮ್ಮದೇ ತೀರ್ಮಾನ ಅಲ್ವಾ ಎಂದು ಯಮುನಾ ಎರಡು ಸಲ ಕೇಳಿದಳು. ಹೌದ್ರಿ ಎಂದರು. 'ಎರಡೂ ವಿಧಾನ ವಿವರಿಸಲಾಗಿದೆ, ರೋಗಿಯ ಸ್ವಂತ ನಿರ್ಧಾರ' ಎಂದು ಫೈಲಿನಲ್ಲಿ ಬರೆದಳು. ಅದರ ಕೆಳಗೆ ಸುಭದ್ರಮ್ಮ ಎಡಗೈ ಹೆಬ್ಬೆಟ್ಟು ಒತ್ತಿದಳು.

ಯಮುನಾ ಇಂಜೆಕ್ಷನ್ ಕೊಟ್ಟು ಮೂಳೆಯನ್ನು ಎಳೆದು ಕೂರಿಸಿದಳು. ವೆಂಕಟಸ್ವಾಮಿ ಕಟ್ಟು ಹಾಕಿದ. ಅಂದು ಹಾಕಿದ್ದು ಅವನ ಜನ್ಮದಲ್ಲೇ ಅಂದವಾದ ಕಟ್ಟುಗಳಲ್ಲಿ ಒಂದು.

ಎರಡು ವಾರಕ್ಕೆ ಎಕ್ಸ್‌ರೇ ತೆಗೆದಾಗ ಮೂಳೆ ಕಟ್ಟಿನ ಒಳಗೇ ಜಾರಿ ಮತ್ತೆ ಹಿಂದಕ್ಕೆ ವಾಲಿತ್ತು. ಕಟ್ಟಿನ ತಪ್ಪಲ್ಲ, ಒಳಗೆ ಪುಡಿಯಾದದ್ದು ತಡೆದುಕೊಳ್ಳಲಿಲ್ಲ. ಈಗಲೂ ಸಮಯ ಇದೆ, ಪ್ಲೇಟ್ ಹಾಕಬಹುದು, ಇನ್ನೂ ತಡವಾದರೆ ಕಷ್ಟ ಎಂದಳು ಯಮುನಾ. ಮತ್ತೆ ಚಿತ್ರ ಬರೆದಳು. ಮತ್ತೆ ಅವರು ಹನ್ನೊಂದಕ್ಕೆ ಬಂದರು. ಈ ಸಲ ವೆಂಕಟಸ್ವಾಮಿ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ನಿಮಿಷ ಸುಮ್ಮನಿದ್ದ. ವಾಲಿದ್ದು ಅವನಿಗೂ ಕಾಣುತ್ತಿತ್ತು. ನಾನು ಹೇಳಿದ್ದು ತಪ್ಪಾಯಿತು, ಹೋಗಿ ಪ್ಲೇಟ್ ಹಾಕಿಸಿಕೊಳ್ಳಿ ಎನ್ನಲು ಅಷ್ಟೇ ಹೊತ್ತು ಸಾಕಾಗಿತ್ತು.

"ಕೂಡ್ಕೊಳ್ತಾ ಇದೆ," ಎಂದ. "ಈಗ ಬಿಚ್ಚಿ ಕೊಯ್ಯೋದು ಯಾಕೆ? ಇನ್ನೊಂದು ತಿಂಗಳು ತಡ್ಕೊಳ್ಳಿ ತಾಯಿ."

ಆ ಒಂದು ನಿಮಿಷ ಆಮೇಲೆ ಅವನನ್ನು ಬಹಳ ಕಾಡಿತು. ಮೊದಲನೆಯದು ಗೊತ್ತಿಲ್ಲದೆ ಹೇಳಿದ್ದು. ಎರಡನೆಯದು ಗೊತ್ತಿದ್ದೂ ಹೇಳಿದ್ದು.

ಆರು ವಾರ ಕಳೆದು ಕಟ್ಟು ಕತ್ತರಿಸಿದ ದಿನ ಸುಭದ್ರಮ್ಮ ಕೈಯನ್ನು ಮೇಜಿನ ಮೇಲೆ ಇಟ್ಟಳು. ಮಣಿಕಟ್ಟು ಹಿಂದಕ್ಕೆ ಬಾಗಿ, ಕೈ ಪಕ್ಕಕ್ಕೆ ತಿರುಗಿಕೊಂಡಿತ್ತು. ಬಿಸಿನೀರಿನಲ್ಲಿಟ್ಟು ಆಡಿಸುತ್ತಾ ಇರಿ, ಸಡಿಲ ಆಗುತ್ತೆ ಎಂದು ವೆಂಕಟಸ್ವಾಮಿ ಹೇಳಿದ. ಅವಳು ಆಡಿಸಿದಳು. ಒಂದು ತಿಂಗಳು, ಎರಡು ತಿಂಗಳು. ಬೆರಳು ಮಡಚಲು ಬಂತು, ಲೋಟ ಹಿಡಿಯಲು ಬಂತು. ಅಂಗೈ ಮಾತ್ರ ಮೇಲಕ್ಕೆ ತಿರುಗಲೇ ಇಲ್ಲ.

ನಾಲ್ಕನೇ ತಿಂಗಳು ಬಂದಾಗ ಅವಳೊಬ್ಬಳೇ ಬಂದಳು. ಒಂಬತ್ತಕ್ಕೆ ಹೋಗದೆ ನೇರ ಹನ್ನೊಂದಕ್ಕೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟಳು.

"ಅಣ್ಣಾರ, ರೊಟ್ಟಿ ಎತ್ತಾಕ ಬರವಲ್ದು," ಎಂದಳು.

"ಯಾವ ರೊಟ್ಟಿ ತಾಯಿ?"

"ನಾ ಬಡಿಯೋದು. ದಿನಾ ನೂರೈವತ್ತು ಬಡೀತಿದ್ನಿ. ನಮ್ಮ ಕಡಿ ಹುಡುಗ್ರು ಭಾಳ ಮಂದಿ ಅದಾರಲ್ಲ, ಕಟ್ಟಡದ ಕೆಲಸದವ್ರು. ಮನಿ ಬಿಟ್ಟು ಬಂದಾವು, ಅನ್ನ ತಿಂದು ಹೊಟ್ಟಿ ತುಂಬಂಗಿಲ್ಲ ಅವ್ಕ."

ವೆಂಕಟಸ್ವಾಮಿ ಸ್ಟೂಲಿನಿಂದ ಎದ್ದ. "ಮನೇಲಿರ್ತೀನಿ ಅಂದ್ರಲ್ಲಮ್ಮ ಅವತ್ತು!"

"ಮನ್ಯಾಗೇ ಇರ್ತೀನಲ್ರಿ," ಎಂದಳು ಅವಳು, ಇದರಲ್ಲಿ ಕೇಳುವುದೇನಿದೆ ಎಂಬಂತೆ.

ಮುಂದಿನ ಭಾನುವಾರ ಅವನು ಬಸ್ಸು ಹತ್ತಿ ಕೆ.ಆರ್. ಪುರಕ್ಕೆ ಹೋದ. ಯಾಕೆ ಹೋದೆ ಎಂದು ಕೇಳಿದ್ದರೆ ಅವನಿಗೇ ಹೇಳಲು ಬರುತ್ತಿರಲಿಲ್ಲ. ರೈಲ್ವೆ ಹಳಿಯ ಕಡೆಯ ಆ ವಠಾರದಲ್ಲಿ ಸಾಲಾಗಿ ಎಂಟು ಕೋಣೆ, ಕೊನೆಯದು ಅವಳದು. ಒಳಗೆ ಜೋಳದ ಹಿಟ್ಟಿನ ಚೀಲ, ಕಪ್ಪಗಾದ ದೊಡ್ಡ ಹಂಚು, ಬಡಿದು ಬಡಿದು ನಡುವೆ ನುಣುಪಾದ ಕಲ್ಲು. ಪಕ್ಕದ ಕೋಣೆಯ ಉಮಾಶ್ರೀ ಎಂಬ ಎಳೆಯ ಹೆಂಗಸು ಕಲ್ಲಿನ ಮುಂದೆ ಕೂತಿದ್ದಳು. ಸುಭದ್ರಮ್ಮ ಹಿಟ್ಟು ನಾದಿ, ಎಡಗೈಯಲ್ಲೇ ಅರ್ಧ ಬಡಿದು ಕೊಟ್ಟರೆ ಉಮಾಶ್ರೀ ಮಿಕ್ಕದ್ದು ಬಡಿದು ಹಂಚಿಗೆ ಎತ್ತಿ ಹಾಕುತ್ತಿದ್ದಳು. ದಿನಕ್ಕೆ ನಲವತ್ತು, ಹೆಚ್ಚೆಂದರೆ ಐವತ್ತು. ಸುಭದ್ರಮ್ಮ ಬಾಗಿಲ ಹೊರಗೆ ನಿಂತ ಹುಡುಗರಿಗೆ ಎರಡೆರಡು ಕೊಟ್ಟು, ಮಿಕ್ಕವರನ್ನು ನಾಳೆ ಬರ್ರೆಪಾ ಎಂದು ಕಳಿಸುತ್ತಿದ್ದಳು. ಖಾಲಿ ಕೈಯಲ್ಲಿ ಹೋದವರ ಬೆನ್ನನ್ನು ಅವಳು ನೋಡುತ್ತಾ ನಿಂತದ್ದನ್ನು ವೆಂಕಟಸ್ವಾಮಿ ನೋಡಿದ.

"ನನ್ನಿಂದ ಆಯ್ತು ತಾಯಿ ಇದು," ಎಂದುಬಿಟ್ಟ.

"ಅಯ್ಯ, ಬಿಡ್ರಿ. ನಿಮ್ಮ ತಂಗಿಗಿ ಹೇಳಿದಂಗ ಹೇಳೀರಿ. ಅದ್ರಾಗ ನಿಮ್ದೇನ್ ತಪ್ಪೈತಿ?" ಎಂದು ಅವಳು ತಟ್ಟೆಯಲ್ಲಿ ರೊಟ್ಟಿ, ಮೇಲೆ ಶೇಂಗಾ ಚಟ್ನಿ ಹಾಕಿ ಮುಂದಿಟ್ಟಳು. ಅವಳು ಬೈದಿದ್ದರೆ ಉಂಡು ಬರುತ್ತಿದ್ದನೇನೋ. ಈ ಮಾತು ಕೇಳಿದ ಮೇಲೆ ತುತ್ತು ಇಳಿಯಲಿಲ್ಲ. ಯಾಕೆ ಇಳಿಯಲಿಲ್ಲ ಎಂಬುದು ಅವನೊಬ್ಬನಿಗೇ ಗೊತ್ತಿತ್ತು, ಅದನ್ನು ಅವನು ಮೂವತ್ತು ವರ್ಷದಿಂದ ಯಾರಿಗೂ ಹೇಳಿರಲಿಲ್ಲ.

ಸೋಮವಾರ ಬೆಳಿಗ್ಗೆ ಯಮುನಾಳ ಮೇಜಿನ ಮುಂದೆ ಅವನು ನಿಂತ. ಆ ಕೋಣೆಯಲ್ಲಿ ಅವನು ಎಂದೂ ಕೂತವನಲ್ಲ, ಅಂದೂ ಕೂರಲಿಲ್ಲ.

"ಮೇಡಂ, ಸುಭದ್ರಮ್ಮನ ಫೈಲಲ್ಲಿ ಅವರ ಸ್ವಂತ ನಿರ್ಧಾರ ಅಂತ ಬರ್ದಿದೀರಲ್ಲ, ಅದು ನನ್ನ ನಿರ್ಧಾರ. ಎರಡು ಸಲಾನೂ ನಾನೇ ಹೇಳಿದ್ದು."

ಯಮುನಾಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವನು ಎಲ್ಲವನ್ನೂ ಹೇಳಿದ. ಬಾಗಿಲಲ್ಲಿ ಬಿಡುವ ಚಪ್ಪಲಿಗಳಿಂದ ಹಿಡಿದು ಕಿಟಕಿಗೆ ಹಿಡಿದ ಎಕ್ಸ್‌ರೇ, ಎತ್ತಲಾಗದ ರೊಟ್ಟಿಯವರೆಗೆ. ಅವಳ ಮುಖ ಕೆಂಪಾಯಿತು.

"ಎಷ್ಟು ಜನಕ್ಕೆ ಹೀಗೆ ಮಾಡಿದೀರಾ ಸ್ವಾಮಿ?"

"ಲೆಕ್ಕ ಇಟ್ಟಿಲ್ಲ ಮೇಡಂ."

"ನಾನಿಲ್ಲಿ ಕೂತು ಚಿತ್ರ ಬರೀತೀನಿ, ನೀವಲ್ಲಿ ಕೂತು ಅಳಿಸ್ತೀರಾ!" ಎಂದು ಕೂಗಿದವಳು ಅರ್ಧಕ್ಕೇ ನಿಲ್ಲಿಸಿದಳು. ಫೈಲು ತೆರೆದು ತಾನೇ ಬರೆದ 'ಗೃಹಿಣಿ' ಎಂಬ ಪದವನ್ನು ನೋಡಿದಳು. "ನಾನೂ ಕೇಳ್ಲಿಲ್ಲ. ಗಂಡ ಹೇಳಿದ್ದನ್ನ ಬರ್ಕೊಂಡೆ ಅಷ್ಟೆ. ಅವರನ್ನ ಕರೆಸಿ. ಹಿಟ್ಟೂ ತರೋಕೆ ಹೇಳಿ."

ಗುರುವಾರ ಸುಭದ್ರಮ್ಮ, ಅಮೃತಪ್ಪ ಇಬ್ಬರೂ ಬಂದರು. ಹನ್ನೊಂದರ ನೆಲದ ಮೇಲೆ, ಬಕೆಟ್ಟನ್ನು ಬದಿಗೆ ಸರಿಸಿ, ವೆಂಕಟಸ್ವಾಮಿ ಒಂದು ಮರದ ಹಲಗೆ ಇಟ್ಟಿದ್ದ. ಬಿಸಿನೀರು ಕಾಸಿ ತಂದದ್ದೂ ಅವನೇ. ಡಾಕ್ಟರ ಮುಂದೆ ನೆಲದ ಮೇಲೆ ಕೂತು ರೊಟ್ಟಿ ಬಡಿಯಬೇಕೆಂದಾಗ ಸುಭದ್ರಮ್ಮನಿಗೆ ನಗೆಯೂ ಬಂತು, ಸಂಕೋಚವೂ ಆಯಿತು. ಆದರೆ ಹಿಟ್ಟು ಕೈಗೆ ಬಂದ ಕೂಡಲೇ ಅವೆಲ್ಲ ಮರೆತುಹೋದವು. ನಾದಿದಳು, ಉಂಡೆ ಕಟ್ಟಿದಳು, ಎಡಗೈಯಿಂದ ತಿರುಗಿಸುತ್ತಾ ಬಡಿದಳು. ಬಲಗೈ ಬಿದ್ದಾಗಲೆಲ್ಲ ಅಂಗೈಯ ಬುಡ ಮಾತ್ರ ತಾಗುತ್ತಿತ್ತು. ಆದರೂ ರೊಟ್ಟಿ ಅಗಲವಾಯಿತು. ಎತ್ತಬೇಕಾದಾಗ ಎರಡೂ ಕೈ ಅಡಿಗೆ ಹೋಗಬೇಕು, ಅಂಗೈ ಮೇಲಾಗಬೇಕು. ಎಡಗೈ ಹೋಯಿತು. ಬಲಗೈ ಹೋಗಲಿಲ್ಲ. ಭುಜ ಎತ್ತಿದಳು, ಮೊಣಕೈ ಹೊರಗೆ ಚಾಚಿದಳು, ಮೈಯನ್ನೇ ವಾಲಿಸಿದಳು. ರೊಟ್ಟಿ ನಡುವೆ ಹರಿದು ಹಲಗೆಯ ಮೇಲೆ ಬಿತ್ತು.

ಅಮೃತಪ್ಪ ಹೆಂಡತಿ ರೊಟ್ಟಿ ಬಡಿಯುವುದನ್ನು ಮೂವತ್ತು ವರ್ಷ ನೋಡಿದ್ದ. ಅಂದು ಮಾತ್ರ ಮುಖ ತಿರುಗಿಸಿಕೊಂಡ.

ಯಮುನಾ ಅವಳೆದುರು ನೆಲದ ಮೇಲೆಯೇ ಕೂತಳು. ಈಗ ಇರುವ ದಾರಿಗಳನ್ನು ಹೇಳಿದಳು. ಕೂಡಿಕೊಂಡ ಮೂಳೆಯನ್ನು ಮತ್ತೆ ಕತ್ತರಿಸಿ, ನೇರ ಮಾಡಿ, ಸೊಂಟದಿಂದ ಸ್ವಲ್ಪ ಮೂಳೆ ತೆಗೆದು ತುಂಬಿ, ಪ್ಲೇಟ್ ಹಾಕಬಹುದು. ಅಂಗೈ ತಿರುಗುವುದು ಬಹುಪಾಲು ವಾಪಸು ಬರುವ ಸಂಭವವಿದೆ. ಬರದೆಯೂ ಇರಬಹುದು. ಒಮ್ಮೊಮ್ಮೆ ಮೂಳೆ ಕೂಡುವುದು ತಡವಾಗುತ್ತದೆ, ಒಮ್ಮೊಮ್ಮೆ ಕೈ ಈಗಿನದಕ್ಕಿಂತ ಬಿಗಿಯಾಗುತ್ತದೆ. ಮಾಡದೆ ಬಿಟ್ಟರೆ ನೋವು ನಿಧಾನಕ್ಕೆ ಕಡಿಮೆಯಾಗುತ್ತದೆ, ಸೊಟ್ಟ ಹಾಗೇ ಇರುತ್ತದೆ. ಹಿಂದಿನ ಎರಡು ಸಲವೂ ಅವಳು ದಾರಿಗಳನ್ನು ಹೇಳಿದ್ದಳು, ಆದರೆ ಚಿತ್ರ ನೋಡುತ್ತಾ ಹೇಳಿದ್ದಳು. ಈಗ ಆ ಕೈ ನೋಡುತ್ತಾ ಹೇಳಿದಳು.

ಸುಭದ್ರಮ್ಮ ಎಲ್ಲ ಕೇಳಿಸಿಕೊಂಡು, ಹಿಟ್ಟು ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಬಾಗಿಲ ಬಳಿ ನಿಂತಿದ್ದ ವೆಂಕಟಸ್ವಾಮಿಯ ಕಡೆ ತಿರುಗಿದಳು.

"ಅಣ್ಣಾರ, ನೀವರೆ ಹೇಳ್ರಿ. ನಿಮ್ಮ ತಂಗಿ ಆಗಿದ್ದರ?"

ಮಾಡಿಸಿಕೊಳ್ಳಿ ಎಂಬುದು ಅವನ ಎದೆಯೊಳಗೆ ಬಡಿದುಕೊಳ್ಳುತ್ತಿತ್ತು. ಮೂಳೆ ನೇರವಾದರೆ, ಅಂಗೈ ಮೇಲಾದರೆ, ಆ ಒಂದು ನಿಮಿಷವೂ ಅಳಿಸಿಹೋಗುತ್ತಿತ್ತಲ್ಲ. ಅವನ ಆಸೆ ಅದು. ಅವಳ ಕೈಯ ಆಸೆಯಲ್ಲ, ತನ್ನ ನಿದ್ದೆಯ ಆಸೆ. ಅದು ಅವನಿಗೆ ಗೊತ್ತಾಯಿತು, ಗೊತ್ತಾಗಿ ಹೇಸಿಗೆಯಾಯಿತು.

"ನನಗೆ ತಂಗಿ ಇಲ್ಲಮ್ಮ," ಎಂದ.

"ಆಂ?"

"ತಂಗೀನೂ ಇಲ್ಲ, ಅಕ್ಕಾನೂ ಇಲ್ಲ. ನಮ್ಮಮ್ಮಂಗೆ ನಾನೊಬ್ನೇ. ಯಾವತ್ತೂ ಇರ್ಲಿಲ್ಲ. ಜನ ಕೇಳ್ತಿದ್ರು, ನಾನು ಹೇಳ್ತಿದ್ದೆ."

ಸುಭದ್ರಮ್ಮ ಅವನತ್ತ ಮುಖ ಎತ್ತಿದಳು. ಕೆ.ಆರ್. ಪುರದಲ್ಲಿ ತಟ್ಟೆ ಮುಂದಿಟ್ಟಾಗ ಇದ್ದ ಮುಖ ಅದಾಗಿರಲಿಲ್ಲ. ಕೈ ಮುರಿದದ್ದಕ್ಕೆ, ಸೊಟ್ಟಗಾದದ್ದಕ್ಕೆ ಬಾರದ ಸಿಟ್ಟು ಈಗ ಬಂದಿತ್ತು, ಬಂದದ್ದು ನ್ಯಾಯವಾಗಿತ್ತು. ಹರಿದ ರೊಟ್ಟಿಯನ್ನು ಉಂಡೆ ಮಾಡಿ ಚೀಲಕ್ಕೆ ಹಾಕಿಕೊಂಡು ಎದ್ದಳು. "ಹದಿನೈದು ದಿನ ಬಿಡ್ರಿ ಮೇಡಂ. ವಿಚಾರ ಮಾಡ್ತೀನಿ," ಎಂದಳು.

ಆ ಹದಿನೈದು ದಿನದಲ್ಲಿ ಹನ್ನೊಂದಕ್ಕೆ ಬಂದು ಕೇಳಿದವರಿಗೆಲ್ಲ ವೆಂಕಟಸ್ವಾಮಿ ಒಂದೇ ಮಾತು ಹೇಳಿದ: ನಿಮ್ಮ ಕೈ ಏನೇನು ಮಾಡುತ್ತೆ ಅಂತ ಒಂಬತ್ತರಲ್ಲಿ ಹೇಳಿ, ಒಂದನ್ನೂ ಬಿಡಬೇಡಿ. ಕೆಲವರಿಗೆ ಬೇಜಾರಾಯಿತು. ಸ್ವಾಮಿಯಣ್ಣನಿಗೆ ಜಂಬ ಬಂದಿದೆ ಎಂದು ಒಬ್ಬಳು ಕಾರಿಡಾರಿನಲ್ಲಿ ಅಂದದ್ದು ಅವನ ಕಿವಿಗೂ ಬಿತ್ತು. ಅವನು ಮಾತ್ರ, ಸುಭದ್ರಮ್ಮ ಬಂದು ಮಾಡಿಸಿಕೊಳ್ತೀನಿ ಎಂದುಬಿಡಲಿ ಎಂದು ಹಲಸೂರಿನ ಸೋಮೇಶ್ವರನ ಗುಡಿಯ ಮುಂದೆ ಹಾಯುವಾಗಲೆಲ್ಲ ಕೈ ಮುಗಿದ.

ಹೇಳಿದ ದಿನಕ್ಕೆ ಅವಳು ಗಂಡನ ಜೊತೆ ಬಂದಳು. ಹನ್ನೊಂದರ ಮುಂದೆ ಹಾದು ಹೋದಳು, ನಿಲ್ಲಲಿಲ್ಲ. ಒಂಬತ್ತರ ಬಾಗಿಲು ತೆರೆದೇ ಇತ್ತು. ವೆಂಕಟಸ್ವಾಮಿ ಬಕೆಟ್ಟು ತುಂಬಿಸುವ ನೆಪದಲ್ಲಿ ಕಾರಿಡಾರಿನ ನಲ್ಲಿಯ ಹತ್ತಿರ ನಿಂತ.

ಅಮೃತಪ್ಪ ಏನೋ ಹೇಳಲು ಬಾಯಿ ತೆರೆದ. "ನೀ ಸುಮ್ನಿರು," ಎಂದಳು ಅವಳು. "ನಾ ಹೇಳ್ತೀನಿ, ಬರ್ಕೊಳ್ರಿ ಮೇಡಂ. ನನಗ ಆಪರೇಷನ್ ಬ್ಯಾಡ."

ಯಾಕೆ ಎಂದು ಯಮುನಾ ಕೇಳಿದಳು. ಸಿಟ್ಟಿಲ್ಲದೆ, ಅವಸರವಿಲ್ಲದೆ ಕೇಳಿದಳು.

"ಈಗ ನಲ್ವತ್ತು ರೊಟ್ಟಿ ಆಗ್ತಾವ್ರಿ. ಉಮಾಶ್ರೀ ಎತ್ತತಾಳ, ನಾ ನಾದ್ತೀನಿ, ಎಡಗೈಲಿ ಬಡಿಯೋದು ಕಲ್ತೀನಿ. ಈಗ ಕೊಯ್ದು ಕೈ ಬಿಗಿ ಆಯ್ತಂದ್ರ ಆ ನಲ್ವತ್ತೂ ಹೋಗ್ತಾವು. ಮೊದಲ ಸಲ ಮುರದಾಗ ಇದ್ನೆಲ್ಲಾ ಹೇಳಿದ್ನೆಂದ್ರ ಬ್ಯಾರೆ ಮಾತಿತ್ತು. ಆಗ ನನಗ ಹೇಳಾಕ ಬರ್ಲಿಲ್ಲ. ಈಗ ಉಳದದ್ದನ್ನ ಕಾಯ್ಕೋತೀನ್ರಿ."

"ಒಂದು ವರ್ಷದೊಳಗೆ ಮನಸ್ಸು ಬದಲಾದ್ರೆ ಬನ್ನಿ. ಆಮೇಲೂ ಬನ್ನಿ," ಎಂದಳು ಯಮುನಾ. ಫೈಲಿನಲ್ಲಿ ಬರೆಯುತ್ತಾ ಬಂದು, ಕೊನೆಯ ಸಾಲಿಗೆ ಪೆನ್ನು ನಿಲ್ಲಿಸಿ, ಆಮೇಲೆ ಬರೆದಳು: ರೋಗಿಯ ಸ್ವಂತ ನಿರ್ಧಾರ. ಸುಭದ್ರಮ್ಮ ಹೆಬ್ಬೆಟ್ಟು ಒತ್ತಿದಳು.

ನಲ್ಲಿಯ ಹತ್ತಿರ ಬಕೆಟ್ಟು ತುಂಬಿ ನೀರು ಹೊರಗೆ ಹರಿಯುತ್ತಿತ್ತು. ಅವಳು ಕಾರಿಡಾರಿಗೆ ಬಂದು ಎದುರಾದಾಗ, ನನ್ನ ತಂಗಿಯಾಗಿದ್ದರೆ ಮಾಡಿಸ್ತಿದ್ದೆ ತಾಯಿ ಎಂಬ ಮಾತು ತಾನಾಗಿಯೇ ವೆಂಕಟಸ್ವಾಮಿಯ ನಾಲಿಗೆಯ ತುದಿಗೆ ಬಂತು. ಮೂವತ್ತು ವರ್ಷದ ಚಾಳಿ. ಅವನು ಹಲ್ಲು ಕಚ್ಚಿ ಅದನ್ನು ನುಂಗಿಕೊಂಡು, ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಅವಳು ಎರಡು ಹೆಜ್ಜೆ ಮುಂದೆ ಹೋಗಿದ್ದಳು. ಒಳಗಿಂದ ನರ್ಸು, "ಅಮ್ಮ, ಮಾತ್ರೆ ಇಲ್ಲೇ ಬಿಟ್ರಿ" ಎಂದು ಕೂಗಿ ಬಂದು, ನೋವಿನ ಮಾತ್ರೆಗಳನ್ನು ಕೊಡಲು ಕೈ ಮುಂದೆ ಚಾಚಿದಳು. ಅಭ್ಯಾಸಕ್ಕೆ ಸುಭದ್ರಮ್ಮನ ಬಲಗೈಯೇ ಮುಂದೆ ಹೋಯಿತು. ಅಂಗೈ ನೆಲವನ್ನೇ ನೋಡುತ್ತಿತ್ತು. ಅವಳು ಆ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಎಡಗೈ ಚಾಚಿ ಮಾತ್ರೆ ಇಸಿದುಕೊಂಡಳು.